ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಿಗೆ ಯಾವ ಸ್ಟೆಪ್ ಕೌಂಟರ್ ಹೊಂದುತ್ತದೆ?

ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಗಾಳಿಯ ಹರಿವು ಕುಗ್ಗುವ ಕಾಯಿಲೆ), ಬ್ರಾಂಕಿಯೆಕ್ಟಾಸಿಸ್ (ಶ್ವಾಸನಾಳಗಳು ಹಿಗ್ಗಿ ಕಫ ತುಂಬಿಕೊಳ್ಳುವ ಕಾಯಿಲೆ), ಶ್ವಾಸಕೋಶದ ಅಂಗಾಂಶ ಗಡುಸಾಗುವ ಫೈಬ್ರೋಸಿಸ್‌ನಂತಹ ದೀರ್ಘಕಾಲದ ಕಾಯಿಲೆಗಳಲ್ಲಿ ಮೊದಲು ಕುಗ್ಗುವುದು ಓಡಾಟ. ಸ್ವಲ್ಪ ದೂರ ಹೋಗುವಷ್ಟರಲ್ಲೇ ಏದುಸಿರು ಬರುತ್ತದೆಂದು ರೋಗಿ ನಡೆಯುವುದನ್ನು ಕಡಿಮೆ ಮಾಡುತ್ತಾರೆ. ನಡೆಯದೆ ಕುಳಿತಷ್ಟೂ ತೊಡೆ ಮತ್ತು ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯುಗಳಲ್ಲಿ ಅಲ್ಪ ಶ್ರಮಕ್ಕೇ ಲ್ಯಾಕ್ಟಿಕ್ ಆಮ್ಲ ಸೇರಿಕೊಳ್ಳುವುದರಿಂದ ಉಸಿರಾಟದ ಮೇಲೆ ಹೊರೆ ಹೆಚ್ಚಿ, ಮುಂದಿನ ಸಲ ಅದಕ್ಕಿಂತಲೂ ಬೇಗ ದಮ್ಮು ಹತ್ತುತ್ತದೆ. ಈ ಸುಳಿ ಬರಿಯ ಆಯಾಸದ ವಿಷಯವಲ್ಲ. 2011ರಲ್ಲಿ ಜರ್ಮನಿಯಲ್ಲಿ ನಡೆದ ಒಂದು ಅಧ್ಯಯನವು, ಸಿಒಪಿಡಿ ಇರುವವರ ಸಾವಿನ ಅಪಾಯವನ್ನು ಅಂದಾಜು ಮಾಡಲು ಶ್ವಾಸಕೋಶದ ಸಾಮರ್ಥ್ಯ ಪರೀಕ್ಷೆಯೂ ಸೇರಿದಂತೆ ಬೇರೆಲ್ಲ ಅಳತೆಗಳಿಗಿಂತ ಅವರ ದೈನಂದಿನ ಚಟುವಟಿಕೆಯೇ ಹೆಚ್ಚು ನೆರವಾಯಿತು ಎಂದು ಕಂಡುಕೊಂಡಿತು.

ಆದ್ದರಿಂದಲೇ ಹೆಜ್ಜೆ ಎಣಿಸುವ ಸಣ್ಣ ಸಾಧನಗಳು ಈ ಕಾಯಿಲೆಗಳ ಆರೈಕೆಯಲ್ಲಿ ಜಾಗ ಪಡೆದುಕೊಂಡಿವೆ. ಆದರೆ ಕೊಳ್ಳಲು ಹೊರಟವರಿಗೆ ಸಿಗುವ ಸಲಹೆಗಳು ಬಹುಪಾಲು ಆರೋಗ್ಯವಂತರನ್ನು ಗಮನದಲ್ಲಿಟ್ಟುಕೊಂಡು ಬರೆದಂಥವು. ಬಿರುಸಾಗಿ ನಡೆಯುವವರಿಗೆ ಯಾವ ಸಾಧನವಾದರೂ ನಡೆದೀತು. ನಿಧಾನವಾಗಿ, ನಡುನಡುವೆ ನಿಂತು, ಕೆಲವೊಮ್ಮೆ ವಾಕರ್ ಹಿಡಿದು ಅಥವಾ ಆಮ್ಲಜನಕದ ಸಿಲಿಂಡರ್ ಎಳೆದುಕೊಂಡು ನಡೆಯುವವರಿಗೆ ಹಾಗಲ್ಲ. ಅವರ ಆಯ್ಕೆ ಬೇರೆ ಪ್ರಶ್ನೆಗಳಿಂದ ಆರಂಭವಾಗಬೇಕು.

ಮೊದಲ ಪ್ರಶ್ನೆ: ನಿಮ್ಮ ನಡಿಗೆ ಎಷ್ಟು ನಿಧಾನ?

ಹೆಜ್ಜೆ ಎಣಿಸುವ ಸಾಧನಗಳ ಒಳಗಿನ ತಂತ್ರವನ್ನು ಸ್ಥೂಲವಾಗಿ ಎರಡು ಬಗೆಯಾಗಿ ನೋಡಬಹುದು. ಹಳೆಯ ಬಗೆಯ ಪೆಡೋಮೀಟರಿನಲ್ಲಿ ಸ್ಪ್ರಿಂಗ್‌ಗೆ ತೂಗುಹಾಕಿದ ಒಂದು ಸಣ್ಣ ಸನ್ನೆ (ಲಿವರ್) ಇರುತ್ತದೆ. ಪ್ರತಿ ಹೆಜ್ಜೆಗೂ ಸೊಂಟ ಮೇಲೆ ಕೆಳಗೆ ಆಡಿದಾಗ ಆ ಸನ್ನೆ ಕುಲುಕಿ, ಒಂದು ಎಣಿಕೆ ದಾಖಲಾಗುತ್ತದೆ. ಸೊಂಟದ ಆಟ ಸಾಕಷ್ಟು ಜೋರಾಗಿಲ್ಲದಿದ್ದರೆ ಸನ್ನೆ ಕದಲುವುದಿಲ್ಲ. ಗಂಟೆಗೆ ಸುಮಾರು 3 ಕಿಲೋಮೀಟರಿಗಿಂತ ಕಡಿಮೆ ವೇಗದ ನಡಿಗೆಯಲ್ಲಿ ಆಗುವುದು ಇದೇ: ಕಾಲು ಸವೆಸಿ ನಡೆದ ನೂರಾರು ಹೆಜ್ಜೆಗಳು ಲೆಕ್ಕಕ್ಕೇ ಬರುವುದಿಲ್ಲ. ತೀವ್ರ ಸಿಒಪಿಡಿ ಇರುವ ಅನೇಕರ ಸಹಜ ವೇಗವೇ ಇಷ್ಟು ಅಥವಾ ಇದಕ್ಕಿಂತ ಕಡಿಮೆ. ಹೊಟ್ಟೆ ದೊಡ್ಡದಾಗಿದ್ದು ಸಾಧನ ಮುಂದಕ್ಕೆ ವಾಲಿದರೆ ಎಣಿಕೆ ಮತ್ತಷ್ಟು ತಪ್ಪುತ್ತದೆ, ಏಕೆಂದರೆ ಈ ಸನ್ನೆಗೆ ನೇರವಾಗಿ ನಿಲ್ಲುವುದು ಅಗತ್ಯ.

ಎರಡನೆಯ ಬಗೆಯಲ್ಲಿ ಸನ್ನೆಯ ಬದಲು ಚಲನೆಯನ್ನು ಗ್ರಹಿಸುವ ಎಲೆಕ್ಟ್ರಾನಿಕ್ ಸಂವೇದಕ ಇರುತ್ತದೆ. ಪೀಜೋ ಪೆಡೋಮೀಟರ್ (ಅಲುಗಾಟದ ಒತ್ತಡವನ್ನು ವಿದ್ಯುತ್ ಸಂಕೇತವಾಗಿಸಿ ಎಣಿಸುವಂಥದ್ದು), ಮೊಬೈಲ್, ಫಿಟ್‌ನೆಸ್ ಬ್ಯಾಂಡ್, ಸ್ಮಾರ್ಟ್‌ವಾಚ್ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ನಿಧಾನ ನಡಿಗೆಯನ್ನು ಇವು ಸ್ಪ್ರಿಂಗ್ ಸಾಧನಕ್ಕಿಂತ ಚೆನ್ನಾಗಿ ಗುರುತಿಸುತ್ತವೆ, ವಾಲಿದರೂ ಅಷ್ಟಾಗಿ ತಪ್ಪುವುದಿಲ್ಲ. ಇವುಗಳಿಗೂ ಒಂದು ಮಿತಿಯಿದೆ. ಸುಮ್ಮನೆ ಅಲುಗಿದ್ದನ್ನು ಹೆಜ್ಜೆಯೆಂದು ಎಣಿಸದಿರಲಿ ಎಂದು ಕೆಲವು ಸಾಧನಗಳನ್ನು ಕೆಲವು ಸೆಕೆಂಡುಗಳ ಕಾಲ ಸತತವಾಗಿ ನಡೆದ ಮೇಲಷ್ಟೇ ಎಣಿಕೆ ಆರಂಭಿಸುವಂತೆ ರೂಪಿಸಿರುತ್ತಾರೆ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಹೀಗೆ ನಾಲ್ಕೈದು ಹೆಜ್ಜೆಗಳ ತುಂಡು ತುಂಡು ಓಡಾಟವೇ ದಿನದ ಚಟುವಟಿಕೆಯಾಗಿರುವವರ ಪಾಲಿಗೆ ಈ ಏರ್ಪಾಡು ಅನ್ಯಾಯವನ್ನೇ ಮಾಡುತ್ತದೆ.

ನನ್ನ ತೀರ್ಮಾನವನ್ನು ಇಲ್ಲಿಯೇ ಹೇಳುತ್ತೇನೆ: ಸಮತಟ್ಟಾದ ನೆಲದಲ್ಲೂ ಓರಗೆಯವರ ಜೊತೆ ಹೆಜ್ಜೆ ಹಾಕಲಾಗದಷ್ಟು ಉಸಿರಾಟದ ತೊಂದರೆ ಇರುವವರು ಸ್ಪ್ರಿಂಗ್ ಪೆಡೋಮೀಟರನ್ನು ಕೊಳ್ಳಬಾರದು. ಪಟ್ಟ ಶ್ರಮವನ್ನು ಕಡಿಮೆ ಮಾಡಿ ತೋರಿಸುವ ಸಾಧನವು ಹುರಿದುಂಬಿಸುವ ಬದಲು ಮನಸ್ಸನ್ನು ಕುಗ್ಗಿಸುತ್ತದೆ.

ಸೊಂಟ, ಜೇಬು, ಮಣಿಕಟ್ಟು, ಕಣಕಾಲು

ಸಾಧನವನ್ನು ದೇಹದ ಯಾವ ಭಾಗದಲ್ಲಿ ಧರಿಸುತ್ತೇವೆ ಎಂಬುದು ಅದರ ತಯಾರಕರು ಯಾರು ಎಂಬುದಕ್ಕಿಂತ ಹೆಚ್ಚು ಮುಖ್ಯ.

ಸೊಂಟಪಟ್ಟಿಗೆ ಸಿಕ್ಕಿಸುವ ಎಲೆಕ್ಟ್ರಾನಿಕ್ ಪೆಡೋಮೀಟರ್ ಹಳೆಯದೆನಿಸಿದರೂ ಅದರ ಗುಣಗಳನ್ನು ಕಡೆಗಣಿಸಬಾರದು. ದೊಡ್ಡ ಅಂಕಿಗಳ ಪರದೆ, ತಿಂಗಳುಗಟ್ಟಲೆ ಬಾಳುವ ಬ್ಯಾಟರಿ, ಮೊಬೈಲಿಗೆ ಜೋಡಿಸುವ ಗೋಜಿಲ್ಲದಿರುವುದು, ಇವು ವಯಸ್ಸಾದವರಿಗೆ ನಿಜವಾದ ಅನುಕೂಲಗಳು. ವಾಕರ್ ಹಿಡಿದಾಗಲೂ ಸೊಂಟ ಅಲುಗುತ್ತಲೇ ಇರುವುದರಿಂದ ಎಣಿಕೆ ಪೂರ್ತಿ ನಿಲ್ಲುವುದಿಲ್ಲ. ತೊಡೆಯ ನಡುಭಾಗಕ್ಕೆ ನೇರವಾಗಿ, ಸೊಂಟಪಟ್ಟಿಗೆ ಬಿಗಿಯಾಗಿ ಸಿಕ್ಕಿಸಿಕೊಳ್ಳುವುದು ಸರಿಯಾದ ಜಾಗ. ಇದರ ದೊಡ್ಡ ಕೊರತೆಯೆಂದರೆ ಬೆಳಿಗ್ಗೆ ಸಿಕ್ಕಿಸಿಕೊಳ್ಳಲು ಮರೆತರೆ ಅಂದಿನ ಲೆಕ್ಕವೆಲ್ಲ ಹೋಯಿತು. ಸಡಿಲವಾದ ಉಡುಪಿನಲ್ಲಿ, ಪಟ್ಟಿಯಿಲ್ಲದ ಉಡುಪಿನಲ್ಲಿ ಅದಕ್ಕೆ ಸರಿಯಾದ ಆಸರೆಯೂ ಸಿಗುವುದಿಲ್ಲ.

ಮೊಬೈಲ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜೇಬಿನಲ್ಲಿದ್ದರೆ ಎಣಿಸುತ್ತದೆ, ಮೇಜಿನ ಮೇಲಿದ್ದರೆ ಎಣಿಸುವುದಿಲ್ಲ. ಮನೆಯೊಳಗೆ ಓಡಾಡುವಾಗ ಮೊಬೈಲನ್ನು ಜೇಬಿನಲ್ಲಿಟ್ಟುಕೊಳ್ಳುವವರು ಕಡಿಮೆ, ಶ್ವಾಸಕೋಶದ ರೋಗಿಗಳ ನಡಿಗೆಯ ದೊಡ್ಡ ಭಾಗವಾದರೋ ಮನೆಯೊಳಗೇ ನಡೆಯುವಂಥದ್ದು. ಹೊರಗಿನ ಒಂದು ನಡಿಗೆಯನ್ನು ಮಾತ್ರ ಅಳೆಯಬೇಕೆನ್ನುವವರಿಗೆ ಇದು ಸಾಕು. ಇಡೀ ದಿನದ ಚಿತ್ರ ಬೇಕೆನ್ನುವವರಿಗೆ ಸಾಲದು.

ಮಣಿಕಟ್ಟಿನ ಬ್ಯಾಂಡ್ ಮತ್ತು ಸ್ಮಾರ್ಟ್‌ವಾಚ್‌ಗಳು ಇಂದು ಎಲ್ಲರ ಮೊದಲ ಆಯ್ಕೆ, ಅದಕ್ಕೆ ಕಾರಣವೂ ಇದೆ. ಒಮ್ಮೆ ಕಟ್ಟಿಕೊಂಡರೆ ಮರೆಯುವ ಮಾತಿಲ್ಲ. ಬೇಕೆಂದಾಗ ಕೈಯೆತ್ತಿ ಸಂಖ್ಯೆಯನ್ನು ನೋಡಬಹುದು. ವಾರಗಳ ದಾಖಲೆ ತಾನಾಗಿ ಉಳಿಯುತ್ತದೆ. ಮಗಳೋ ಮೊಮ್ಮಗನೋ ಫಿಸಿಯೋಥೆರಪಿಸ್ಟರೋ ದೂರದಿಂದಲೇ ಅದನ್ನು ನೋಡಬಹುದು. ಆದರೆ ಬ್ಯಾಂಡು ಎಣಿಸುವುದು ಕೈಯ ಬೀಸನ್ನು, ಕಾಲಿನ ಹೆಜ್ಜೆಯನ್ನಲ್ಲ. ಎರಡೂ ಕೈಗಳಿಂದ ಚಕ್ರದ ವಾಕರನ್ನು ತಳ್ಳುವವರ ಕೈ ಬೀಸುವುದೇ ಇಲ್ಲ, ಹಾಗಾಗಿ ಅವರ ಹೆಜ್ಜೆಗಳು ದೊಡ್ಡ ಪ್ರಮಾಣದಲ್ಲಿ ಕಳೆದುಹೋಗುತ್ತವೆ. ಆಮ್ಲಜನಕದ ಗಾಡಿಯನ್ನು ಬಲಗೈಯಲ್ಲಿ ಎಳೆಯುವವರು ಬ್ಯಾಂಡನ್ನು ಎಡಗೈಗೆ ಕಟ್ಟಿಕೊಂಡರೆ ಸ್ವಲ್ಪ ಮಟ್ಟಿಗೆ ಸರಿಹೋಗುತ್ತದೆ. ಊರುಗೋಲು ಹಿಡಿಯುವವರಿಗೂ ಇದೇ ಮಾತು. ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ, ಕೈಬೀಸಿ ಮಾತಾಡುವಾಗ ಕುಳಿತಲ್ಲೇ ಹೆಜ್ಜೆಗಳು ಸೇರುತ್ತಾ ಹೋಗಬಹುದು. ಚಾರ್ಜ್ ಮಾಡುವುದು, ಆ್ಯಪ್ ಜೋಡಿಸುವುದು ತಲೆನೋವೆನಿಸುವವರಿಗೆ ಮನೆಯಲ್ಲಿ ಯಾರಾದರೂ ನೆರವಾಗುವವರಿದ್ದರೆ ಮಾತ್ರ ಇದು ಹೊಂದುತ್ತದೆ.

ವಾಕರ್ ಬಳಸುವವರಿಗೆ, ಕಾಲೆಳೆದು ಬಹಳ ನಿಧಾನವಾಗಿ ನಡೆಯುವವರಿಗೆ ಕಣಕಾಲು ಅತ್ಯುತ್ತಮ ಜಾಗ. ನಡಿಗೆ ಎಷ್ಟೇ ಮೆಲ್ಲಗಿದ್ದರೂ ಹೆಜ್ಜೆ ಇಡಲು ಕಾಲು ಮುಂದೆ ಹೋಗಲೇಬೇಕಲ್ಲ! ಸಂಶೋಧನೆಗಳಲ್ಲಿ ಬಳಸುವ ಕಣಕಾಲಿನ ಮಾಪಕಗಳು ನಿಧಾನ ನಡಿಗೆಯಲ್ಲೂ ಬಹಳ ನಿಖರವಾಗಿರುತ್ತವೆ, ಆದರೆ ಅಂಥವು ಸಾಮಾನ್ಯರ ಕೈಗೆ ಸುಲಭವಾಗಿ ಸಿಗುವುದಿಲ್ಲ, ಹಲವಕ್ಕೆ ಪರದೆಯೂ ಇರುವುದಿಲ್ಲ. ಇದಕ್ಕೊಂದು ಸರಳ ಉಪಾಯವಿದೆ. ಮಣಿಕಟ್ಟಿನ ಹಗುರ ಬ್ಯಾಂಡನ್ನೇ ಉದ್ದನೆಯ ಪಟ್ಟಿಯೊಂದಿಗೆ ಕಣಕಾಲಿಗೆ ಕಟ್ಟಿ, ಎಣಿಕೆ ಸುಧಾರಿಸುತ್ತದೆಯೇ ಎಂದು ಪರೀಕ್ಷಿಸಿ ನೋಡಬಹುದು. ಕಾಲು ಬಾವು ಇರುವವರು ಪಟ್ಟಿಯನ್ನು ಬಿಗಿಯಾಗಿ ಕಟ್ಟಬಾರದು, ಚರ್ಮವನ್ನು ದಿನವೂ ನೋಡಿಕೊಳ್ಳಬೇಕು.

ಯಾವುದನ್ನೇ ಆರಿಸಿದರೂ ನಂಬುವ ಮೊದಲು ಒಂದು ಪರೀಕ್ಷೆ ಮಾಡಿ. ಸಾಧನದ ಸಂಖ್ಯೆಯನ್ನು ಬರೆದುಕೊಂಡು, ನಿಮ್ಮ ಎಂದಿನ ವೇಗದಲ್ಲಿ, ಎಂದಿನ ಊರುಗೋಲು ಅಥವಾ ವಾಕರ್‌ನೊಂದಿಗೆ ನಡೆಯಿರಿ. ಜೊತೆಗಿರುವವರು 100 ಹೆಜ್ಜೆಗಳನ್ನು ಬಾಯಲ್ಲಿ ಎಣಿಸಲಿ. ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲುವ ಅಭ್ಯಾಸವಿದ್ದರೆ ಪರೀಕ್ಷೆಯಲ್ಲೂ ನಿಲ್ಲಿ. ಸಾಧನ 90ರಿಂದ 110ರ ನಡುವೆ ತೋರಿಸಿದರೆ ಬಳಸಲು ಅಡ್ಡಿಯಿಲ್ಲ. 60 ತೋರಿಸಿದರೆ ಜಾಗ ಬದಲಿಸಿ ಮತ್ತೆ ನೋಡಿ, ಆಗಲೂ ಸರಿಹೋಗದಿದ್ದರೆ ಬೇರೆ ಸಾಧನ ನೋಡಿ. ಮತ್ತೊಂದು ಮಾತು: ಒಂದು ಸಾಧನದ ಸಂಖ್ಯೆಯನ್ನು ಇನ್ನೊಂದರ ಸಂಖ್ಯೆಯೊಂದಿಗೆ ಹೋಲಿಸಬಾರದು. ಸಾಧನ ಬದಲಾದ ದಿನವೇ ಲೆಕ್ಕ ಹೊಸದಾಗಿ ಶುರುವಾಗಬೇಕು.

ಯಾರ ಗುರಿ: ಎಲ್ಲರದೋ, ನಿಮ್ಮದೋ?

ಕೆಲವು ಬ್ಯಾಂಡುಗಳು ಪೆಟ್ಟಿಗೆಯಿಂದ ತೆಗೆದೊಡನೆ 10,000 ಹೆಜ್ಜೆಗಳ ಗುರಿಯನ್ನು ಮುಂದಿಡುತ್ತವೆ. ಈ ಸಂಖ್ಯೆ 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಪೆಡೋಮೀಟರಿನ ಜೊತೆಗೆ ಪ್ರಚಾರ ಪಡೆದದ್ದು. ಶ್ವಾಸಕೋಶದ ರೋಗಿಗಳ ಅಧ್ಯಯನದಿಂದ ಬಂದದ್ದಲ್ಲ. ದಿನಕ್ಕೆ 5,000ಕ್ಕಿಂತ ಕಡಿಮೆ ಹೆಜ್ಜೆಗಳನ್ನು ಜಡ ಜೀವನವೆಂದು ವರ್ಗೀಕರಿಸುವ ರೂಢಿಯಿದೆ, ಮಧ್ಯಮ ಮತ್ತು ತೀವ್ರ ಸಿಒಪಿಡಿ ಇರುವ ಬಹಳಷ್ಟು ಜನ ಆ ಗೆರೆಯ ಕೆಳಗೇ ಇರುತ್ತಾರೆ. 2,200 ಹೆಜ್ಜೆ ನಡೆಯುವವರಿಗೆ ಪ್ರತಿ ಸಂಜೆ 10,000ದ ಗುರಿಯನ್ನು ತೋರಿಸಿ ಸೋಲಿಸುವುದರಲ್ಲಿ ಯಾವ ಅರ್ಥವೂ ಇಲ್ಲ. ಆದ್ದರಿಂದ ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ: ಈ ಸಾಧನದ ಗುರಿಯನ್ನು ನಾನೇ ಬದಲಾಯಿಸಬಹುದೇ, ಅಥವಾ ಗುರಿಯೇ ಇಲ್ಲದಂತೆ ಇಡಬಹುದೇ?

ನಿಮ್ಮ ಗುರಿ ನಿಮ್ಮ ಇಂದಿನ ನಡಿಗೆಯಿಂದಲೇ ಹುಟ್ಟಬೇಕು. ಮೊದಲ ಒಂದು ವಾರ ಏನನ್ನೂ ಬದಲಿಸದೆ, ಎದ್ದ ಹೊತ್ತಿನಿಂದ ಮಲಗುವವರೆಗೆ ಸಾಧನವನ್ನು ಧರಿಸಿ, ಪ್ರತಿದಿನದ ಸಂಖ್ಯೆಯನ್ನು ಬರೆದಿಡಿ. ಆಸ್ಪತ್ರೆಗೆ ಹೋದ ದಿನ, ಧಾರಾಕಾರ ಮಳೆ ಸುರಿದ ದಿನ, ನೆಂಟರು ಬಂದ ದಿನ ಎಲ್ಲವೂ ಬೇರೆ ಬೇರೆಯಾಗಿರುವುದರಿಂದ ಒಂದೆರಡು ದಿನದ ಅಳತೆಯನ್ನು ನೆಚ್ಚಬಾರದು. ಹೀಗೆ ಬಂದ ಸರಾಸರಿಗೆ ಶೇ 10ರಿಂದ 15ರಷ್ಟು ಸೇರಿಸಿ ಮೊದಲ ಗುರಿ ಮಾಡಿಕೊಳ್ಳಬಹುದು: 2,200 ನಡೆಯುವವರಿಗೆ 2,400 ಅಥವಾ 2,500. ವಾರದ ಹೆಚ್ಚಿನ ದಿನ ಅದನ್ನು ಮುಟ್ಟಿದರೆ ಮುಂದಿನ ವಾರ ಸ್ವಲ್ಪ ಏರಿಸಿ, ಮುಟ್ಟದಿದ್ದರೆ ಅಲ್ಲೇ ನಿಲ್ಲಿ.

ಇಷ್ಟು ಸಣ್ಣ ಏರಿಕೆಯಿಂದ ಪ್ರಯೋಜನವೇನು ಎಂಬ ಸಂದೇಹಕ್ಕೆ ಉತ್ತರವಿದೆ. ಯುರೋಪಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸಿಒಪಿಡಿ ರೋಗಿಗಳಲ್ಲಿ ದಿನಕ್ಕೆ 600ರಿಂದ 1,100 ಹೆಜ್ಜೆಗಳ ಹೆಚ್ಚಳವೇ ಗಣನೀಯವಾದ ಬದಲಾವಣೆ. ಕೆಲವು ವಾರಗಳಲ್ಲಿ ಹಂತಹಂತವಾಗಿ ಅಲ್ಲಿಗೆ ತಲುಪಿದವರು ದೊಡ್ಡದನ್ನೇ ಸಾಧಿಸಿದ್ದಾರೆ.

ಸಾಧನ ಮಾತ್ರವೋ, ಜೊತೆಗೊಬ್ಬರೋ?

ಈ ಮಾರ್ಗದರ್ಶಿಯಲ್ಲಿ ನಾನು ಅತ್ಯಂತ ಮುಖ್ಯವೆಂದು ತಿಳಿದಿರುವ ಹೋಲಿಕೆ ಇದು, ಏಕೆಂದರೆ ಹಣ ತೆತ್ತು ಕೊಂಡ ಎಷ್ಟೋ ಬ್ಯಾಂಡುಗಳು ಕೆಲವೇ ತಿಂಗಳಲ್ಲಿ ಮೂಲೆ ಸೇರುವುದು ಅವು ಕೆಟ್ಟಿದ್ದರಿಂದಲ್ಲ, ಆ ಸಂಖ್ಯೆಯನ್ನು ಕೇಳುವವರು ಯಾರೂ ಇಲ್ಲದ್ದರಿಂದ.

ಚಿಲಿ ದೇಶದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಿಒಪಿಡಿ ರೋಗಿಗಳಿಗೆ ಸಲಹೆಯ ಜೊತೆಗೆ ಪೆಡೋಮೀಟರನ್ನೂ ಕೊಟ್ಟು, ಗುರಿಗಳನ್ನು ತಿಂಗಳಿಗೊಮ್ಮೆ ಭೇಟಿಯಲ್ಲಿ ಪರಿಶೀಲಿಸುತ್ತಿದ್ದರು. ಮೂರು ತಿಂಗಳಲ್ಲಿ ಅವರ ನಡಿಗೆ ದಿನಕ್ಕೆ ಸರಾಸರಿ 3,000 ಹೆಜ್ಜೆಗಳಷ್ಟು ಏರಿತು. ಸಲಹೆ ಮಾತ್ರ ಪಡೆದವರಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಯುರೋಪಿನ ಆರು ಕೇಂದ್ರಗಳಲ್ಲಿ 343 ರೋಗಿಗಳೊಂದಿಗೆ ನಡೆದು 2017ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಸ್ಟೆಪ್ ಕೌಂಟರಿನ ಜೊತೆಗೆ ಮೊಬೈಲ್ ಆ್ಯಪ್ ಇತ್ತು. ಗುರಿ ವಾರವಾರ ಬದಲಾಗುತ್ತಿತ್ತು, ಹಿಂದುಳಿದವರಿಗೆ ತಂಡದವರು ಕರೆ ಮಾಡುತ್ತಿದ್ದರು. 12 ವಾರಗಳ ಕೊನೆಗೆ ಮಾಮೂಲಿ ಆರೈಕೆಯವರಿಗಿಂತ ಇವರು ದಿನಕ್ಕೆ ಸುಮಾರು 1,470 ಹೆಜ್ಜೆ ಹೆಚ್ಚು ನಡೆಯುತ್ತಿದ್ದರು. ಅಮೆರಿಕದ ಮಾಜಿ ಸೈನಿಕರಿಗಾಗಿ ರೂಪಿಸಿದ ಇಂಟರ್‌ನೆಟ್ ಕಾರ್ಯಕ್ರಮದಲ್ಲಿ ನಾಲ್ಕನೆಯ ತಿಂಗಳಲ್ಲಿ ಸುಮಾರು 780 ಹೆಜ್ಜೆಗಳ ಲಾಭ ಕಂಡಿತಾದರೂ ವರ್ಷ ತುಂಬುವ ವೇಳೆಗೆ ಎರಡು ಗುಂಪುಗಳ ನಡುವೆ ವ್ಯತ್ಯಾಸ ಉಳಿಯಲಿಲ್ಲ.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದೇನೆಂದರೆ, ಪೆಡೋಮೀಟರಿನ ಬಲ ಅದರ ಹಿಂದಿರುವ ಮನುಷ್ಯರದು, ಆ ಬಲ ತಾನಾಗಿ ವರ್ಷಗಟ್ಟಲೆ ಉಳಿಯುವಂಥದ್ದೂ ಅಲ್ಲ. ಹಾಗಾಗಿ ದುಬಾರಿ ಕೈಗಡಿಯಾರ ಮತ್ತು ಸಾಧಾರಣ ಪೆಡೋಮೀಟರ್ ನಡುವೆ ತೂಗಿ ನೋಡುವ ಮುನ್ನ, ವಾರಕ್ಕೊಮ್ಮೆ ಸಂಖ್ಯೆಗಳನ್ನು ನೋಡಿ ಮಾತಾಡುವವರು ಯಾರೆಂಬುದನ್ನು ನಿರ್ಧರಿಸಿ. ಫಿಸಿಯೋಥೆರಪಿಸ್ಟ್, ನರ್ಸ್, ಮನೆಯವರು, ಇದೇ ಕಾಯಿಲೆಯ ಗೆಳೆಯರು, ಯಾರಾದರೂ ಆಗಬಹುದು. ಮೂರು ನಾಲ್ಕು ತಿಂಗಳಾದ ಮೇಲೆ ಉತ್ಸಾಹ ಇಳಿಯುವುದು ಸಹಜವಾದ್ದರಿಂದ ಆ ಹೊತ್ತಿಗೆ ಹೊಸ ಗುರಿ, ಹೊಸ ದಾರಿ ಅಥವಾ ಹೊಸ ಜೊತೆಗಾರರನ್ನು ಮೊದಲೇ ಯೋಚಿಸಿಟ್ಟುಕೊಳ್ಳುವುದು ಒಳಿತು.

ಶ್ವಾಸಕೋಶ ಪುನಶ್ಚೇತನ ಕಾರ್ಯಕ್ರಮ, ಅಂದರೆ ಪಲ್ಮನರಿ ರಿಹ್ಯಾಬಿಲಿಟೇಶನ್, ಸಿಗುವವರು ಅದರ ಬದಲಿಗೆ ಸ್ಟೆಪ್ ಕೌಂಟರನ್ನು ಆರಿಸಿಕೊಳ್ಳಬಾರದು. ಆ ಕಾರ್ಯಕ್ರಮದಲ್ಲಿ ಸ್ನಾಯುಗಳಿಗೆ ಬಲ ತುಂಬುವ ವ್ಯಾಯಾಮ, ಉಸಿರಾಟದ ತಂತ್ರ, ಇನ್ಹೇಲರ್ ಬಳಕೆಯ ತಿದ್ದುಪಡಿ, ಕಾಯಿಲೆಯ ತಿಳಿವಳಿಕೆ ಎಲ್ಲವೂ ಸೇರಿರುತ್ತವೆ. ಹೆಜ್ಜೆ ಎಣಿಸುವ ಸಾಧನ ಇವುಗಳಲ್ಲಿ ಒಂದನ್ನೂ ಕೊಡಲಾರದು. ಕಾರ್ಯಕ್ರಮದ ಜೊತೆಗೇ ಪೆಡೋಮೀಟರ್ ಸೇರಿಸಿದರೆ ಇನ್ನಷ್ಟು ಲಾಭವಾದೀತೆಂಬ ನಿರೀಕ್ಷೆಯನ್ನು ಇಂಗ್ಲೆಂಡಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದು ಪುಷ್ಟೀಕರಿಸಲಿಲ್ಲ. ಕಾರ್ಯಕ್ರಮ ಮುಗಿದ ನಂತರ ಗಳಿಸಿದ ಶಕ್ತಿಯನ್ನು ದಿನನಿತ್ಯದ ಓಡಾಟಕ್ಕೆ ತರುವ ಹಂತದಲ್ಲಿ ಸಾಧನವನ್ನು ಕೈಗೆತ್ತಿಕೊಳ್ಳುವುದು ನನಗೆ ಹೆಚ್ಚು ಸಮಂಜಸವೆನಿಸುತ್ತದೆ. ಅಂಥ ಕಾರ್ಯಕ್ರಮ ಹತ್ತಿರದಲ್ಲೆಲ್ಲೂ ಇಲ್ಲದವರಿಗೆ ಸಾಧನ ಮತ್ತು ಒಬ್ಬ ಮಾರ್ಗದರ್ಶಕರ ಜೋಡಿ ಒಳ್ಳೆಯ ಆರಂಭ.

ಸಂಖ್ಯೆಗಿಂತ ಮೊದಲು ಉಸಿರು

ಹೃದಯದ ಕಾಯಿಲೆಯೂ ಇರುವವರು, ನಡೆದಾಗ ಆಮ್ಲಜನಕ ಇಳಿಯುತ್ತದೆಂದು ಗೊತ್ತಿರುವವರು, ಇತ್ತೀಚೆಗೆ ಆಸ್ಪತ್ರೆಯಿಂದ ಬಂದವರು ವೈದ್ಯರನ್ನು ಕೇಳದೆ ಗುರಿ ಏರಿಸಬಾರದು. ಉಳಿದವರೂ ನಡೆಯುವಾಗ ಸಂಖ್ಯೆಯನ್ನಲ್ಲ, ಉಸಿರನ್ನು ಗಮನಿಸಬೇಕು. ಏದುಸಿರಿಗೆ 0ರಿಂದ 10ರವರೆಗೆ ಅಂಕ ಕೊಟ್ಟುಕೊಳ್ಳುವುದಾದರೆ 3 ಅಥವಾ 4 ಸರಿಯಾದ ಮಟ್ಟ: ಉಸಿರು ಜೋರಾಗಿರುತ್ತದೆ, ಆದರೂ ಒಂದು ವಾಕ್ಯ ಆಡಬಹುದು. ಒಂದೊಂದೇ ಪದ ಹೊರಡುವಷ್ಟಾದರೆ ನಿಂತು, ಮುಂದಕ್ಕೆ ಬಾಗಿ ಕೈಗಳಿಗೆ ಆಸರೆ ಕೊಟ್ಟು, ತುಟಿಗಳನ್ನು ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡಬೇಕು. ಎದೆನೋವು ಅಥವಾ ತಲೆಸುತ್ತು ಬಂದರೆ ಅಂದಿನ ನಡಿಗೆ ಅಲ್ಲಿಗೆ ನಿಲ್ಲಬೇಕು, ವೈದ್ಯರಿಗೆ ತಿಳಿಸಬೇಕು. ನಡೆಯುವ ಮೊದಲು ಉಸಿರ್ನಾಳ ಹಿಗ್ಗಿಸುವ ಇನ್ಹೇಲರ್ ತೆಗೆದುಕೊಳ್ಳುವುದು ಕೆಲವರಿಗೆ ಬಹಳ ಅನುಕೂಲ. ನಿಮಗೆ ಅದು ಬೇಕೇ ಎಂದು ಕೇಳಿ ತಿಳಿದುಕೊಳ್ಳಿ.

ಫೈಬ್ರೋಸಿಸ್ ಇರುವವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು, ಏಕೆಂದರೆ ಅವರಲ್ಲಿ ನಡೆಯುವಾಗ ಆಮ್ಲಜನಕದ ಮಟ್ಟ ತೀರಾ ಬೇಗ ಕುಸಿಯಬಹುದು. ನಡಿಗೆಯಲ್ಲಿ ಅದು ಶೇ 88ಕ್ಕಿಂತ ಕೆಳಗಿಳಿಯುತ್ತಿದ್ದರೆ ಚಿಕಿತ್ಸೆ ನೀಡುವವರ ಸಲಹೆ ಪಡೆದೇ ಮುಂದುವರಿಯಬೇಕು. ಇದಕ್ಕೆ ಸ್ಮಾರ್ಟ್‌ವಾಚ್‌ನ ಆಮ್ಲಜನಕದ ಅಂಕಿಯನ್ನು ನೆಚ್ಚಬೇಡಿ. ಆ ಒಂದು ಸೌಲಭ್ಯಕ್ಕಾಗಿ ಹೆಚ್ಚು ಹಣ ಕೊಡುವುದೂ ಬೇಡ. ಬೆರಳಿನ ಪಲ್ಸ್ ಆಕ್ಸಿಮೀಟರೇ ಕೈ ತಣ್ಣಗಿದ್ದಾಗ, ಅಲುಗಾಡಿದಾಗ, ಉಗುರಿಗೆ ಬಣ್ಣ ಹಚ್ಚಿದ್ದಾಗ ತಪ್ಪು ತೋರಿಸುತ್ತದೆ, ಗಾಢ ವರ್ಣದ ಚರ್ಮದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದೆಂಬುದೂ ದೃಢಪಟ್ಟಿದೆ.

ಕಾಯಿಲೆ ಉಲ್ಬಣಿಸಿದಾಗ, ಅಂದರೆ ಕಫ ಹೆಚ್ಚಿ ಬಣ್ಣ ಬದಲಾದಾಗ ಅಥವಾ ಏದುಸಿರು ಎಂದಿಗಿಂತ ಜಾಸ್ತಿಯಾದಾಗ, ಗುರಿಯನ್ನು ಬದಿಗಿಟ್ಟು ಚಿಕಿತ್ಸೆ ಪಡೆಯಬೇಕು. ಗುಣವಾದ ಮೇಲೆ ಹಳೆಯ ಸಂಖ್ಯೆಗೆ ಜಿಗಿಯುವುದು ಬೇಡ; ಮತ್ತೊಂದು ವಾರ ಸುಮ್ಮನೆ ಅಳೆದು, ಅಲ್ಲಿಂದ ಹೊಸದಾಗಿ ಶುರುಮಾಡಿ. ಸತತವಾಗಿ ಎಷ್ಟು ದಿನ ಗುರಿ ಮುಟ್ಟಿದಿರಿ ಎಂದು ಎಣಿಸಿ, ಒಂದು ದಿನ ತಪ್ಪಿದರೆ ಎಲ್ಲವನ್ನೂ ಸೊನ್ನೆಗಿಳಿಸುವ ಆ್ಯಪ್‌ಗಳು ಆಗಾಗ ಹಾಸಿಗೆ ಹಿಡಿಯಬೇಕಾದ ರೋಗಿಗಳಿಗೆ ತಕ್ಕವಲ್ಲ. ಆ ಸೌಲಭ್ಯವನ್ನು ಮುಚ್ಚಲು ಬರುತ್ತದೆಯೇ ಎಂದು ಕೊಳ್ಳುವ ಮುನ್ನವೇ ನೋಡಿ.

ಹಾಗಾದರೆ ಯಾರಿಗೆ ಯಾವುದು? ಕೈ ಬೀಸಿ ನಡೆಯಬಲ್ಲ, ಮೊಬೈಲ್ ಬಳಕೆ ರೂಢಿಯಿರುವವರಿಗೆ ಗುರಿ ಬದಲಿಸಲು ಬರುವ ಸರಳ ಬ್ಯಾಂಡ್. ಮೊಬೈಲಿನ ಗೊಡವೆ ಬೇಡವೆನ್ನುವ ಹಿರಿಯರಿಗೆ, ಒಂದು ಕೈಯಲ್ಲಿ ಊರುಗೋಲು ಹಿಡಿಯುವವರಿಗೆ ಸೊಂಟದ ಎಲೆಕ್ಟ್ರಾನಿಕ್ ಪೆಡೋಮೀಟರ್ ಮತ್ತು ಒಂದು ನೋಟ್ ಪುಸ್ತಕ. ವಾಕರ್ ತಳ್ಳುವವರಿಗೆ ಕಣಕಾಲಿಗೆ ಕಟ್ಟಿ ಪರೀಕ್ಷಿಸಿ ನೋಡಿದ ಸಾಧನ. ಯಾವುದೂ ಅವರ ಹೆಜ್ಜೆಗಳನ್ನು ಹಿಡಿಯದಿದ್ದರೆ, ಅಥವಾ ಸಂಖ್ಯೆ ನೋಡಿದಷ್ಟೂ ಆತಂಕ ಹೆಚ್ಚುವ ಸ್ವಭಾವದವರಾದರೆ, ಸಾಧನವನ್ನು ಬಿಟ್ಟು ನಿಮಿಷಗಳನ್ನು ಎಣಿಸುವುದೇ ಲೇಸು: ದಿನಕ್ಕೆ ಮೂರು ಬಾರಿ ಐದೈದು ನಿಮಿಷದ ನಡಿಗೆ, ಮುಂದಿನ ವಾರ ಆರಾರು ನಿಮಿಷ, ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಪ್ರತಿ ನಡಿಗೆಗೂ ಒಂದು ಗುರುತು.